ಹಳೆ ಪ್ರಿಂಟರ್ ಅನ್ನು ಕಂಪನಿಯೇ ಒಯ್ಯುವ ಹಾಗೆ ಮಾಡೋದು ಹೇಗೆ?

ಹೋದ ವರ್ಷ ನಮ್ಮ ಮನೆ ಪ್ರಿಂಟರ್ ಕೆಟ್ಟಿತು. ಗುಜರಿಯವರು ಎಂಬತ್ತು ರೂಪಾಯಿ ಕೊಡ್ತೀನಿ ಅಂದರು. ನಾನು ಕೊಡಲಿಲ್ಲ. ಹಿಂದೊಮ್ಮೆ ಒಂದು ಗುಜರಿ ಅಂಗಡಿಯ ಹಿತ್ತಲಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿದೆ. ಹದಿನಾರರ ಆಸುಪಾಸಿನ ಹುಡುಗ. ಇದ್ದಿಲ ಒಲೆ ಮೇಲೆ ಮದರ್‌ಬೋರ್ಡ್ ಇಟ್ಟು, ಬೆಸುಗೆ ಕರಗಿದ ಹಾಗೆ ಇಕ್ಕಳದಲ್ಲಿ ಒಂದೊಂದೇ ಚಿಪ್ ಕೀಳುತ್ತಿದ್ದ. ಹಳೆ ಬೋರ್ಡಿನ ಬೆಸುಗೆಯಲ್ಲಿ ಸೀಸ ಎಂಬ ವಿಷದ ಲೋಹ ಇರುತ್ತದೆ. ಅವನ ಮೂಗಿಗೆ ಒಂದು ಬಟ್ಟೆಯೂ ಇರಲಿಲ್ಲ. ಹೊಟ್ಟೆಪಾಡಿಗೆ ಆ ಕೆಲಸ ಮಾಡುವ ಹುಡುಗನನ್ನು ಬೈದು ಏನು ಬಂತು? ಮಾರಿ ಲಾಭ ಮಾಡಿದವರು ಹೊಣೆ ಹೊರಬೇಕು, ಅಲ್ವಾ?

ಹೊಣೆ ಕಾನೂನಲ್ಲೇ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಕಂಪನಿಗಳು ಹಿಂದೆ ಮಾರಿದ ಮಾಲಿನ ಲೆಕ್ಕ ಹಿಡಿದು ಇಷ್ಟು ಪಾಲು ಮರುಬಳಕೆ ಆಗುವಂತೆ ನೋಡಿಕೊಳ್ಳಬೇಕು. ಮೊದಲೆರಡು ವರ್ಷ ಶೇಕಡಾ 60, ಆಮೇಲೆ 70, 2027-28ರಿಂದ 80. ಆದರೆ ನೋಂದಾಯಿತ ರೀಸೈಕ್ಲರ್‌ಗಳಿಂದ, ಅಂದರೆ ಮರುಬಳಕೆ ಘಟಕಗಳಿಂದ, ಇಷ್ಟು ಮಾಲು ಮರುಬಳಕೆ ಆಗಿದೆ ಅನ್ನುವ ಸರ್ಟಿಫಿಕೇಟ್ ಕೊಂಡರೂ ಈ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ನಿಮ್ಮ ಒಂದು ಪ್ರಿಂಟರ್‌ಗೆ ಯಾರೂ ತಾವಾಗಿ ಬರೋದಿಲ್ಲ. ನಾವೇ ಕರೆಸಬೇಕು.

ಮೊದಲು ಯಂತ್ರ ತಿರುಗಿಸಿ, ಲೇಬಲ್‌ನ ಫೋಟೋ ತೆಗೆಯಿರಿ. ಮಾಡೆಲ್, ಸೀರಿಯಲ್ ನಂಬರ್ ಅಲ್ಲೇ ಇರುತ್ತವೆ. ಕಸದ ಬುಟ್ಟಿಗೆ ಅಡ್ಡಗೆರೆ ಎಳೆದ ಗುರುತೂ ಇದ್ದರೆ ಅದೂ ಫೋಟೋದಲ್ಲಿ ಬರಲಿ. ಕಸಕ್ಕೆ ಹಾಕಬೇಡಿ ಅಂತ ಕಂಪನಿಯೇ ಹೇಳಿದ್ದು ಅದು.

ಬರೀ ಫೋನ್ ಮಾಡಿ ಸುಮ್ನೆ ಕೂರಬೇಡಿ. ನಾನು ಮೂರು ಸಲ ಮಾಡಿದೆ. ಸರ್ವಿಸ್ ಸೆಂಟರಿಗೆ ಹೋಗಿ ಅಂದರು. ಅಲ್ಲಿಯವರು ನಮಗೆ ಗೊತ್ತಿಲ್ಲ ಅಂದರು. ಇಮೇಲ್ ಕಳಿಸಿ, ಟಿಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ನಾನು ಬರೆದದ್ದು ಇಷ್ಟೇ: "ಈ ಪ್ರಿಂಟರ್ ನಿಮ್ಮದು, ಫೋಟೋ ಲಗತ್ತಿಸಿದ್ದೇನೆ. ಯಾವ ದಿನ ಒಯ್ಯುತ್ತೀರಿ? ಯಾವ ರೀಸೈಕ್ಲರ್‌ಗೆ ಕೊಡುತ್ತೀರಿ? ರಶೀದಿ ಕೊಡುತ್ತೀರಾ?" ಎರಡನೇ ಪ್ರಶ್ನೆ ಬಿಡಲೇಬೇಡಿ. ಒಯ್ದದ್ದು ಮತ್ತೆ ಅದೇ ಹಿತ್ತಲಿಗೆ ಹೋದರೆ ನಮ್ಮ ಶ್ರಮ ದಂಡ.

ಹದಿನೈದು ದಿನ ಉತ್ತರ ಇಲ್ಲ. ಆಗ ನಮ್ಮ ಬೀದಿಯ ಹನ್ನೊಂದು ಮನೆಗೆ ಹೋದೆ. ಅದೇ ಕಂಪನಿಯ ನಾಲ್ಕು ಪ್ರಿಂಟರ್, ಎರಡು ಲ್ಯಾಪ್‌ಟಾಪ್ ಅಟ್ಟದಲ್ಲಿ ಸಿಕ್ಕವು. ಎಲ್ಲರ ಸಹಿ ಹಾಕಿಸಿ ಒಂದೇ ಪತ್ರ ಕಳಿಸಿದೆವು, ಪ್ರತಿಯನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹಾಕಿದೆವು. ಒಗ್ಗಟ್ಟಿನ ಒತ್ತಡಕ್ಕೆ ದೊಡ್ಡವರೂ ಬಗ್ಗುತ್ತಾರೆ. 2006ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ವಿಷದ ವಸ್ತುಗಳ ಬಳಕೆ, ಹಳೆ ಮಾಲಿನ ಹೊಣೆ ನೋಡಿ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಅಂಕ ಕೊಡಲು ಶುರು ಮಾಡಿತು, ಆಪಲ್ ಗ್ರಾಹಕರನ್ನೂ ಜೊತೆಗೆ ಸೇರಿಸಿಕೊಂಡಿತು. 2007ರ ಮೇ ತಿಂಗಳಲ್ಲಿ ಆಪಲ್ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರೇ ವಿಷದ ವಸ್ತುಗಳನ್ನು ಕೈಬಿಡುವ ಗಡುವು ಪ್ರಕಟಿಸಿದರು.

ನಮ್ಮ ಬೀದಿಗೆ ಒಂಬತ್ತನೇ ದಿನ ವ್ಯಾನ್ ಬಂತು. ಕೊಡುವ ಮುಂಚೆ ಲ್ಯಾಪ್‌ಟಾಪ್‌ನಲ್ಲಿರುವ ನಿಮ್ಮ ಫೈಲುಗಳನ್ನೆಲ್ಲ ಅಳಿಸಿ. ಹಳೆ ಡಬ್ಬಾ ಟಿವಿ ಇದ್ದರೆ ಪಿಕ್ಚರ್ ಟ್ಯೂಬ್ ಒಡೆಯದಂತೆ ನೋಡಿಕೊಳ್ಳಿ, ಆ ಗಾಜಿನಲ್ಲೂ ಸೀಸ ಇದೆ. ರಶೀದಿಯಲ್ಲಿ ರೀಸೈಕ್ಲರ್ ಹೆಸರು ಬರೆಸಿಕೊಳ್ಳೋವರೆಗೂ ವ್ಯಾನ್ ಬಿಡಬೇಡಿ.