ಕಾಕಾನ ಫೋನ್ ಮಾತನ್ನು ನಾನು ಬರೆದಿಟ್ಟುಕೊಂಡ ಬಗೆ

ನಮ್ಮ ಕಾಕಾ ಇಳಕಲ್ಲಿನಲ್ಲಿ ಐವತ್ತು ವರ್ಷ ಸೀರೆ ನೇಯ್ದವರು. ನಾನು ಬೆಂಗಳೂರಿನಲ್ಲಿದ್ದೇನೆ. ಭಾನುವಾರ ಸಂಜೆ ಅವರಿಗೆ ಫೋನ್ ಮಾಡುವುದು ರೂಢಿ. ಒಂದು ಸಲ ಸುಮ್ನೆ ಕೇಳಿದೆ, ‘ಕಾಕಾ, ಇಳಕಲ್ ಸೀರೆಯ ಕೆಂಪು ಸೆರಗನ್ನು ಒಡಲಿಗೆ ಹೇಗೆ ಸೇರಿಸ್ತೀರಿ?’ ಅಂತ. ಮುಕ್ಕಾಲು ಗಂಟೆ ಮಾತಾಡಿದರು. ಒಡಲಿನ ಹಾಸು, ಅಂದರೆ ಉದ್ದದ ನೂಲು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಬೇಕು, ಅದಕ್ಕೇ ಕೊಂಡಿ ಅನ್ನುವುದು. ಬೆಳಗ್ಗೆ ಎದ್ದು ಬರೆಯಲು ಕೂತರೆ ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ. ಅವರು ಹೇಳಿದ ಹತ್ತಾರು ಪದಗಳು, ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ, ಎಲ್ಲ ಹೋಗಿತ್ತು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ರೆಕಾರ್ಡ್ ಮಾಡಿ ಪೂರ್ತಿ ಬರೆದಿಡಬೇಕು ಅಂತ.

ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. ಯಾವುದೋ ಒಂದು ಕಾಲ್ ರೆಕಾರ್ಡರ್ ಆ್ಯಪ್ ಹಾಕಿಕೊಂಡಿದ್ದೆ. ಆಮೇಲೆ ಕೇಳಿದರೆ ‘ಹೌದಾ ಕಾಕಾ? ಆಮೇಲೆ?’ ಅನ್ನುವ ನನ್ನ ದನಿ ಮಾತ್ರ ಇತ್ತು. ಕಾಕಾ ಇಲ್ಲವೇ ಇಲ್ಲ. ಕಾರಣ ಆಮೇಲೆ ಗೊತ್ತಾಯಿತು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಲ್ಲಿ ಹೊರಗಿನ ಆ್ಯಪ್‌ಗಳಿಗೆ ಕರೆಯ ಆಡಿಯೋ ನೇರವಾಗಿ ಸಿಗುವುದಿಲ್ಲ. 2022ರ ಮೇ ತಿಂಗಳಿಂದ ಪ್ಲೇ ಸ್ಟೋರ್ ನಿಯಮವೂ ಬಿಗಿಯಾಗಿದೆ. ಜನರ ಮಾತನ್ನು ಅವರಿಗೆ ಗೊತ್ತಿಲ್ಲದೆ ಯಾರೂ ಕದಿಯಬಾರದು ಅನ್ನುವ ದೃಷ್ಟಿಯಿಂದ ಇದು ಸರಿಯೇ. ಹಾಗಾಗಿ ಇಂಥ ಆ್ಯಪ್ ಹುಡುಕುವುದನ್ನೇ ಬಿಟ್ಟೆ. ನೀವೂ ಅದರ ಹಿಂದೆ ಹೋಗಬೇಡಿ.

ನಮ್ಮಲ್ಲಿ ಸಿಗುವ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ಡಯಲರ್‌ನಲ್ಲೇ ರೆಕಾರ್ಡ್ ಮಾಡುವ ಬಟನ್ ಇರುತ್ತದೆ. ಐಫೋನ್‌ಗೂ 2024ರ ಅಕ್ಟೋಬರ್‌ನಲ್ಲಿ ಐಓಎಸ್ 18.1ರ ಜೊತೆ ಅದು ಬಂತು. ಕೆಲವು ಫೋನ್‌ಗಳು ರೆಕಾರ್ಡಿಂಗ್ ಶುರುವಾದಾಗ ಇಬ್ಬರಿಗೂ ಕೇಳುವ ಹಾಗೆ ಹೇಳುತ್ತವೆ. ನನ್ನ ಹೆಂಡತಿಯ ಫೋನ್ ಅಂಥದ್ದು. ಕಾಕಾ ಪರಿಚಯ ಮಾಡಿಕೊಟ್ಟ ಇನ್ನೊಬ್ಬ ಹಿರಿಯ ನೇಕಾರರಿಗೆ ಅದರಿಂದ ಕರೆ ಮಾಡಿದ್ದೆ. ನಡುವೆ ಇಂಗ್ಲಿಷ್ ದನಿ ಕೇಳಿದ್ದೇ ತಡ, ಅವರು ಗಾಬರಿಯಾಗಿ ಫೋನ್ ಇಟ್ಟುಬಿಟ್ಟರು. ‘ಯಾರೋ ಹೆಣ್ಣಮಗಳು ನಡುವ ಬಂದ್ಲು’ ಅಂತ ಕಾಕಾನ ಹತ್ತಿರ ಹೇಳಿದರಂತೆ. ಮೊದಲೇ ತಿಳಿಸಿ ಹೇಳದಿದ್ದದ್ದು ನನ್ನ ತಪ್ಪು.

ಕೊನೆಗೆ ನನಗೆ ಒಗ್ಗಿದ್ದು ಎರಡು ಫೋನಿನ ಉಪಾಯ. ಒಂದರಲ್ಲಿ ಸ್ಪೀಕರ್ ಹಾಕಿ ಮಾತಾಡುವುದು, ಒಂದು ಗೇಣು ದೂರದಲ್ಲಿ ಇನ್ನೊಂದನ್ನು ವಾಯ್ಸ್ ರೆಕಾರ್ಡರ್ ಹಾಕಿ ಇಡುವುದು. ಕೇಳಲು ಸುಲಭ, ಆದರೆ ಇದರಲ್ಲೂ ಕಲಿಯುವುದಿದೆ. ಎರಡೂ ಫೋನ್ ಬರೀ ಮೇಜಿನ ಮೇಲಿದ್ದರೆ ಗುಂಯ್ ಅನ್ನುವ ಅದುರು ಸೇರಿಕೊಳ್ಳುತ್ತದೆ, ಅದಕ್ಕೆ ಮಡಿಸಿದ ಟವೆಲ್ ಹಾಸುತ್ತೇನೆ. ಫ್ಯಾನ್ ಆಫ್. ಬಟ್ಟೆಯ ಬೀರು ಇರುವ ಮಲಗುವ ಕೋಣೆಯೇ ಒಳ್ಳೆಯದು, ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ರೆಕಾರ್ಡ್ ಮಾಡುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು ಮರೆಯಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಹೂಂಗುಡುವುದನ್ನು ಬಿಡುವುದು. ಸ್ಪೀಕರ್ ಹಾಕಿದಾಗ ನಾನು ‘ಹೂಂ’ ಅಂದ ಕ್ಷಣ ಆ ಕಡೆಯ ದನಿ ತಗ್ಗುತ್ತದೆ. ಪ್ರತಿಧ್ವನಿ ಬರದಿರಲಿ ಅಂತ ಫೋನೇ ಹಾಗೆ ಮಾಡುತ್ತದೆ. ಮೊದಲ ರೆಕಾರ್ಡಿಂಗ್‌ಗಳಲ್ಲಿ ನನ್ನ ಹೂಂಗಳ ಕೆಳಗೆ ಕಾಕಾನ ಎಷ್ಟೋ ಪದಗಳು ಮುಚ್ಚಿಹೋಗಿವೆ. ಹೂಂಗುಡದಿದ್ದರೆ ಅವರಿಗೆ ಮಾತೇ ಹೊರಡದು. ‘ತಮ್ಮಾ, ಇದ್ದೀಯೇನು?’ ಅಂತ ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ಕಡೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಅವರು ಒಂದು ಮಾತು ಮುಗಿಸಿ ‘ಏನಂತಿ?’ ಅನ್ನಬೇಕು, ನಾನು ಆಗ ಬಾಯಿ ಬಿಡಬೇಕು. ಎರಡು ವಾರದಲ್ಲಿ ಇಬ್ಬರಿಗೂ ರೂಢಿಯಾಯಿತು.

ದನಿಯ ಗುಣಮಟ್ಟದ ಬಗ್ಗೆ ಒಂದು ಮಾತು. ಹಳೆಯ ಬಗೆಯ ಫೋನ್ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ ಸಾಗುತ್ತದೆ. ಸ, ಶ ಇಂಥ ಅಕ್ಷರಗಳ ಸದ್ದಿನ ಬಹಳಷ್ಟು ಪಾಲು ಅದಕ್ಕಿಂತ ಮೇಲಿರುತ್ತದೆ. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ವೋಲ್ಟ್‌ಇ, ಅಂದರೆ ಫೋರ್ ಜಿ ಜಾಲದ ಮೇಲೇ ಸಾಗುವ ಕರೆಯಲ್ಲಿ ಇದು ಸುಮಾರು 7000 ಹರ್ಟ್ಸ್‌ವರೆಗೆ ಹೋಗುತ್ತದೆ, ಆದರೆ ಎರಡೂ ಕಡೆಯ ಫೋನಿಗೆ ಆ ಸೌಲಭ್ಯ ಇರಬೇಕು. ಕಾಕಾನ ಹಳೆಯ ಕೀಪ್ಯಾಡ್ ಫೋನ್ ಬಿಟ್ಟು ಮೊಮ್ಮಗನ ಫೋರ್ ಜಿ ಫೋನಿಗೆ ಕರೆ ಮಾಡತೊಡಗಿದೆ. ಕನ್ನಡಕ ಹಾಕಿಕೊಂಡಷ್ಟು ವ್ಯತ್ಯಾಸ. ಮೊದಲ ಸಲ ಹಿಂದೆ ಲಾಳಿ ಓಡುವ ಸದ್ದು ಬಿಡಿಬಿಡಿಯಾಗಿ ಕೇಳಿಸಿತು. ಪಕ್ಕದ ಮನೆಯ ಮಗ್ಗ ಅದು. ಅಳಿಸುವ ಮನಸ್ಸಾಗಲಿಲ್ಲ, ಹಾಗೇ ಇಟ್ಟಿದ್ದೇನೆ.

ಒಪ್ಪಿಗೆ ಕೇಳುವುದನ್ನು ರೆಕಾರ್ಡಿಂಗ್ ಒಳಗೇ ಮಾಡುತ್ತೇನೆ. ತಾರೀಖು, ಊರು, ಯಾರ ಜೊತೆ ಮಾತು ಅಂತ ಹೇಳಿ, ‘ಕಾಕಾ, ರೆಕಾರ್ಡ್ ಮಾಡ್ಕೊಳ್ಳಲಾ? ಬರೆದಿಡ್ತೀನಿ’ ಅಂತ ಕೇಳುತ್ತೇನೆ. ‘ಮಾಡ್ಕೋ ತಮ್ಮಾ, ನಾ ಏನ್ ಸುಳ್ಳ ಹೇಳತೀನೇನು?’ ಅನ್ನುವುದು ಅವರ ಕಾಯಂ ಉತ್ತರ. ಮನೆಯವರಲ್ವಾ ಅಂತ ಬಿಡಬಾರದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಅದನ್ನು ಪಕ್ಕಕ್ಕಿಟ್ಟರೂ, ನಮ್ಮನ್ನು ನಂಬಿ ಮಾತಾಡುವವರಿಗೆ ಕೊಡಬೇಕಾದ ಮರ್ಯಾದೆ ಅದು.

ಇನ್ನು ಬರೆಯುವ ಕೆಲಸ. ಮಾತನ್ನು ಬರಹ ಮಾಡುವ ಒಂದು ಉಚಿತ ತಂತ್ರಾಂಶಕ್ಕೆ ಮೊದಲು ಫೈಲ್ ಕೊಟ್ಟೆ. ವಾರ್ತೆ ಓದುವವರ ಕನ್ನಡವನ್ನು ಅದು ಚೆನ್ನಾಗಿಯೇ ಬರೆಯುತ್ತದೆ. ಆದರೆ ಕಾಕಾನ ‘ಕುಣಿ ಮಗ್ಗ’ ಅದರ ಕೈಯಲ್ಲಿ ‘ಕುಣಿವ ಮಗ’ ಆಯಿತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯುವ ಮಗ್ಗ ಅದು. ‘ಹೊಕ್ಕು’ ಎಲ್ಲ ಕಡೆ ‘ಹಕ್ಕು’ ಆಗಿತ್ತು. ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ಹಾಸುಹೊಕ್ಕು ಅಂತ ನಾವು ದಿನಾ ಅನ್ನುತ್ತೇವಲ್ಲ, ಅದೇ. ಸೆರಗಿನ ‘ಟೋಪ ತೆನಿ’ ಅನ್ನುವ ವಿನ್ಯಾಸ ‘ಟೋಪಿ ತಿನ್ನಿ’ ಆಗಿತ್ತು.

ಇಂಥ ತಪ್ಪುಗಳು ಕಣ್ಣಿಗೆ ಬೀಳುತ್ತವೆ, ತಿದ್ದಬಹುದು. ಅಪಾಯ ಇರುವುದು ಕಣ್ಣಿಗೆ ಬೀಳದ ತಪ್ಪುಗಳಲ್ಲಿ. ಒಂದು ಕಡೆ ಅವರು ‘ನೂಲ ಖಾಲಿ ಆಗೇತಿ’ ಅಂದಿದ್ದರು. ಯಂತ್ರ ‘ನೂಲು ಖಾಲಿ ಆಗತ್ತೆ’ ಅಂತ ಬರೆಯಿತು. ಓದಲು ಎಷ್ಟು ಸರಿಯಾಗಿದೆ ನೋಡಿ. ಆದರೆ ‘ಆಗೇತಿ’ ಅಂದರೆ ಆಗಿಹೋಗಿದೆ. ನೂಲು ಮುಗಿದು ಮಗ್ಗ ನಿಂತ ದಿನದ ಮಾತು ಅದು. ಮುಂದೆ ಯಾವಾಗಲೋ ಮುಗಿಯುತ್ತದೆ ಅನ್ನುವ ಮಾತಲ್ಲ. ‘ಮಗ್ಗದಾಗ’ ಅಂದದ್ದನ್ನೂ ಅದು ‘ಮಗ್ಗದಲ್ಲಿ’ ಅಂತ ತಿದ್ದಿತ್ತು. ಅದಾದ ಮೇಲೆ ಯಂತ್ರದ ಬರಹವನ್ನು ಯಾವ ಮಾತು ಎಲ್ಲಿದೆ ಅಂತ ಹುಡುಕಲು ಮಾತ್ರ ಇಟ್ಟುಕೊಂಡೆ. ಬರೆಯುವುದನ್ನು ಕಿವಿಯಿಂದಲೇ ಮಾಡುತ್ತೇನೆ. ಕಾಕಾ ಆಡಿದ್ದು ಹೇಗಿದೆಯೋ ಹಾಗೇ, ‘ಬಂದಾರ’ ಅಂದರೆ ‘ಬಂದಾರ’. ಶಾಲೆಯ ಕನ್ನಡಕ್ಕೆ ತಿದ್ದಿದರೆ ಇಳಕಲ್ಲಿನ ಕಾಕಾ ಅದರಲ್ಲಿ ಇರುವುದಿಲ್ಲ.

ಇದಕ್ಕೆ ಬಳಸುವುದು ಓಟ್ರಾನ್ಸ್‌ಕ್ರೈಬ್. ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ. ಆಡಿಯೋ ಮತ್ತು ಬರೆಯುವ ಜಾಗ ಒಂದೇ ಪುಟದಲ್ಲಿರುತ್ತವೆ. ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ, ಎಫ್1 ಒತ್ತಿದರೆ ಸ್ವಲ್ಪ ಹಿಂದೆ ಹೋಗುತ್ತದೆ, ಕಂಟ್ರೋಲ್ ಮತ್ತು ಜೆ ಒತ್ತಿದರೆ ಆ ಕ್ಷಣದ ಸಮಯ ಬೀಳುತ್ತದೆ. ಕೈ ಕೀಬೋರ್ಡ್ ಬಿಡಬೇಕಿಲ್ಲ. ವೇಗ ತಗ್ಗಿಸಿಕೊಂಡು ಬರೆಯುತ್ತೇನೆ. ಯೂನಿಕೋಡ್‌ನಲ್ಲೇ ಬರೆಯಿರಿ, ಹಳೆಯ ಫಾಂಟ್‌ಗಳಲ್ಲಿ ಬರೆದರೆ ಆಮೇಲೆ ಪದ ಹುಡುಕುವುದು ಕಷ್ಟ. ಒಂದು ಗಂಟೆಯ ಮಾತು ಬರೆಯಲು ನನಗೆ ಆರು ಗಂಟೆ ಬೇಕು. ಅದೂ ಆ ವಾರದೊಳಗೇ ಕೂತರೆ. ತಿಂಗಳು ಬಿಟ್ಟು ಕೂತಾಗ ಜಾಸ್ತಿ ಹಿಡಿದಿದೆ, ಏಕೆಂದರೆ ಮಾತಿನ ಸಂದರ್ಭವೇ ಮರೆತಿರುತ್ತದೆ. ಕಿವಿಗೆ ಸಿಗದ ಪದದ ಜಾಗದಲ್ಲಿ ಊಹೆ ಬರೆಯುವುದಿಲ್ಲ. ಪ್ರಶ್ನೆ ಚಿಹ್ನೆ ಹಾಕಿ, ಸಮಯ ಬರೆದು, ಮುಂದಿನ ಭಾನುವಾರ ಕೇಳುತ್ತೇನೆ.

ಮೌನವನ್ನು ಹೇಗೆ ಬರೆಯುವುದು? ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ಮನೆಯ ಎರಡನೇ ಮಗ್ಗ ಮಾರಿದ ದಿನದ ಬಗ್ಗೆ ಕೇಳಿದಾಗ ಕಾಕಾ ಸುಮ್ಮನಾದರು. ಕರೆ ಕಟ್ಟಾಯಿತೇನೋ ಅಂದುಕೊಂಡೆ. ಪಕ್ಕದ ಮನೆಯ ಲಾಳಿಯ ಸದ್ದು ಬರುತ್ತಲೇ ಇತ್ತು. ಆಮೇಲೆ, ‘ಕುಣಿ ಮುಚ್ಚಿ ಫರ್ಸಿ ಹಾಕಿಸಿದ್ವಿ, ಈಗ ಅಲ್ಲಿ ಟೀವಿ ಐತಿ’ ಅಂದರು. ಯಂತ್ರ ಬರೆದದ್ದರಲ್ಲಿ ಎರಡು ವಾಕ್ಯ ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಪ್ರತಿಯಲ್ಲಿ ನಡುವೆ ಒಂದು ಸಾಲು ಇದೆ: ಸುಮ್ಮನಿದ್ದರು, 22 ಸೆಕೆಂಡ್.

ಬರೆದದ್ದನ್ನು ಅವರಿಗೇ ಓದಿ ಹೇಳುತ್ತೇನೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಒಂದು ಸಲ ನಡುವೆ ತಡೆದರು. ಸಾಲ ಕೊಟ್ಟವರೊಬ್ಬರ ಜೊತೆ ಆಗಿದ್ದ ಜಗಳದ ಭಾಗ ಅದು. ‘ತಮ್ಮಾ, ಆ ಮಾತ ತಗದಬಿಡು. ಅವರ ಮನಿ ಮಂದಿ ಇನ್ನೂ ಇದ್ದಾರ’ ಅಂದರು. ಇಡೀ ಕರೆಯಲ್ಲಿ ಅತ್ಯಂತ ಕಸುವಿನ ಮಾತುಗಳು ಆ ನಾಲ್ಕು ನಿಮಿಷದಲ್ಲೇ ಇದ್ದವು, ನನಗೆ ತುಂಬ ಹೊಟ್ಟೆಯುರಿಯಿತು. ಆದರೂ ಬರಹದಿಂದ ತೆಗೆದೆ, ಆಡಿಯೋದಿಂದಲೂ ಕತ್ತರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ತಮ್ಮನ ಮನೆಯಲ್ಲಿ ಒಂದು ಪ್ರತಿ ಇಟ್ಟಿರುತ್ತೇನೆ. ಮೂರರಿಂದಲೂ ತೆಗೆದು ಕಾಕಾನಿಗೆ ಫೋನ್ ಮಾಡಿ ಹೇಳಿದೆ.

‘ಛಲೋ ಆತು’ ಅಂದರು. ಆಮೇಲೆ ತಾವಾಗಿಯೇ, ‘ಮುಂದಿನ ವಾರ ಬಣ್ಣ ಅದ್ದೋದ್ರ ಬಗ್ಗೆ ಹೇಳತೀನಿ, ಅದನ್ನ ನೀ ಕೇಳೇ ಇಲ್ಲಲ್ಲ’ ಅಂದರು.