ಮರದ ಲ್ಯೂರ್‌ಗೆ ಬಾಳಿಕೆಯ ಲೇಪ: ಆಯ್ಕೆ ಹೇಗೆ, ಹಚ್ಚುವುದು ಹೇಗೆ?

ಕೈಯಾರೆ ಕೆತ್ತಿ, ಬಣ್ಣ ಬಳಿದು, ಕಣ್ಣು ಅಂಟಿಸಿದ ಲ್ಯೂರನ್ನು (ಮೀನು ಹಿಡಿಯಲು ಬಳಸುವ ಕೃತಕ ಎರೆ) ಕೊನೆಗೆ ಕೆಡಿಸುವುದು ನೀರೇ. ಎಸೆದಾಗಲೊಮ್ಮೆ, ಸೆಳೆದಾಗಲೊಮ್ಮೆ ತೂಗುವ ಕೊಕ್ಕೆ ಮೈಗೆ ಉಜ್ಜಿ ಹೊಟ್ಟೆಯ ಮೇಲೆ ಅರ್ಧಚಂದ್ರದಂಥ ಗೀರು ಕೊರೆಯುತ್ತದೆ. ಇಲ್ಲವೇ ಕೊಕ್ಕೆ ಸಿಕ್ಕಿಸುವ ತಂತಿ ಮರದಿಂದ ಹೊರಬರುವ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಅಲ್ಲಿಂದ ನೀರು ಕುಡಿದ ಮರ ಉಬ್ಬುತ್ತದೆ, ಅದರ ಜೊತೆ ಹಿಗ್ಗಲಾರದ ಲೇಪ ಸೀಳುತ್ತದೆ, ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಆದ್ದರಿಂದ ಯಾವ ಲೇಪ ಹೆಚ್ಚು ಹೊಳೆಯುತ್ತದೆ ಎಂದು ಹುಡುಕುತ್ತಾ ಕೂರಬೇಡಿ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತವೆ.

ಮೊದಲು ಮರ

ಮೇಲಿನ ಲೇಪದ ಆಯಸ್ಸು ಬಣ್ಣಕ್ಕೂ ಮುಂಚೆಯೇ ಬಹುಪಾಲು ನಿರ್ಧಾರವಾಗಿರುತ್ತದೆ. ತೂತುಗಳನ್ನೆಲ್ಲ ಕೊರೆದು ಮುಗಿಸಿ, ಆಮೇಲೆ ಮರವನ್ನು ಮುಚ್ಚಿ. ತೆಳುವಾದ ಸೂಪರ್ ಗ್ಲೂ ಅಥವಾ ಮರದೊಳಗೆ ಇಳಿಯುವ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಇದಕ್ಕೆ ಸಾಕು. ತೂತಿನ ಒಳಗೋಡೆಗೂ ಅದು ಇಳಿಯಬೇಕು. ಮರವನ್ನು ಸ್ವಲ್ಪ ಬೆಚ್ಚಗೆ ಮಾಡಿ, ತಣ್ಣಗಾಗುತ್ತಿರುವಾಗ ಹಚ್ಚಿದರೆ ಒಳಗಿನ ಗಾಳಿ ಕುಗ್ಗುತ್ತಾ ದ್ರವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಚ್ಚಿದ ಮೇಲೆ ಬಿಸಿಲಿಗಿಟ್ಟರೆ ಇದೇ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ಕೆತ್ತುವಾಗಲೇ ಚೂಪಾದ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಿ. ಯಾವ ದ್ರವವೂ ಚೂಪು ಅಂಚಿನ ಮೇಲೆ ನಿಲ್ಲುವುದಿಲ್ಲ. ಹಿಂದೆ ಸರಿದು ಅಲ್ಲೇ ಅತಿ ತೆಳುವಾಗುತ್ತದೆ, ಕೊಕ್ಕೆ ಬಡಿಯುವುದೂ ಅಲ್ಲಿಗೇ.

ಯಾವುದನ್ನು ಆರಿಸಬೇಕು?

ಮನೆಯ ಮೂಲೆಯಲ್ಲಿ ಕುಳಿತು ಒಂದೆರಡು ಲ್ಯೂರ್ ಮಾಡುವವರಿಗೆ ನನ್ನ ಉತ್ತರ ಒಂದೇ: ನಿಧಾನವಾಗಿ ಗಟ್ಟಿಯಾಗುವ, ಎರಡು ಭಾಗ ಬೆರೆಸುವ ಎಪಾಕ್ಸಿ. ಒಂದೇ ಸಲಕ್ಕೆ ದಪ್ಪ ಪದರ ಸಿಗುತ್ತದೆ, ಏಟು ತಡೆಯುತ್ತದೆ, ಬಾಲ್ಸಾದಂಥ ಮೆತ್ತನೆಯ ಮರಕ್ಕೆ ಕವಚವೇ ಆಗುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯನ್ನು ಮುಟ್ಟಲೇಬೇಡಿ. ಅದು ಸಮತಟ್ಟಾಗಲು ಸಮಯ ಕೊಡುವುದಿಲ್ಲ, ಬೇಗ ಹಳದಿಯಾಗುತ್ತದೆ. ಬಿಸಿಲಿಗೆ ಎಪಾಕ್ಸಿ ಯಾವುದಾದರೂ ಕ್ರಮೇಣ ಹಳದಿಗೆ ತಿರುಗುತ್ತದೆ. ನೇರಳಾತೀತ ಕಿರಣ ತಡೆಯುವ ಅಂಶ ಬೆರೆಸಿದ್ದು ಸಿಕ್ಕರೆ ಒಳ್ಳೆಯದು. ಬಿಳಿ ಹೊಟ್ಟೆಯ ಲ್ಯೂರ್‌ಗಂತೂ ಅದನ್ನೇ ಹುಡುಕಿ.

ಎಪಾಕ್ಸಿಯ ದೋಷ ಅದರ ತೂಕ. ಬೆರಳುದ್ದದ ಬಾಲ್ಸಾ ಲ್ಯೂರ್‌ಗೆ ಎರಡು ದಪ್ಪ ಪದರ ಬಿದ್ದರೆ ತೇಲಬೇಕಾದದ್ದು ಮುಳುಗುತ್ತದೆ, ನುಲಿಯುತ್ತಾ ಈಜಬೇಕಾದದ್ದು ಕೋಲಿನಂತೆ ನೇರ ಬರುತ್ತದೆ. ಅಂಥ ಪುಟ್ಟ ಲ್ಯೂರ್‌ಗೆ ಗಾಳಿಯ ತೇವದಿಂದ ಗಟ್ಟಿಯಾಗುವ ಯುರೆಥೇನ್ ಲೇಪ ಚೆನ್ನ. ಅದ್ದಿ ತೆಗೆದು ತೂಗುಹಾಕಿದರಾಯಿತು. ತೆಳುವಾಗಿ, ಗಾಜಿನಂತೆ ಕೂರುತ್ತದೆ. ತೊಂದರೆ ಎಂದರೆ ಡಬ್ಬಿ ತೆರೆದಾಗಲೆಲ್ಲ ಒಳಹೊಕ್ಕ ತೇವಕ್ಕೆ ಒಳಗಿದ್ದದ್ದೂ ಗಟ್ಟಿಯಾಗತೊಡಗುತ್ತದೆ. ಬೇಕಾದಷ್ಟನ್ನೇ ಸುರಿದುಕೊಳ್ಳಿ, ಉಳಿದದ್ದನ್ನು ಮತ್ತೆ ಡಬ್ಬಿಗೆ ಹಾಕಬೇಡಿ. ಇದರಲ್ಲೂ ವಾಹನಗಳಿಗೆ ಹೊಡೆಯುವ ಎರಡು ಭಾಗದ ಪಾರದರ್ಶಕ ಲೇಪವಾದ ಕ್ಲಿಯರ್‌ನಲ್ಲೂ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿನ ಜೊತೆ ಒಳಹೋದರೆ ಅದು ಆಸ್ತಮಾ ತರಬಲ್ಲದು. ಕಾರಿನ ಕ್ಲಿಯರನ್ನು ಮನೆಯಲ್ಲಿ ಸ್ಪ್ರೇ ಮಾಡುವ ಆಸೆಯನ್ನು ಬಿಟ್ಟುಬಿಡಿ.

ನೇರಳಾತೀತ ದೀಪದಡಿ ನಿಮಿಷಗಳಲ್ಲಿ ಗಟ್ಟಿಯಾಗುವ ರೆಸಿನ್ ಆತುರದವರಿಗೆ ಪ್ರಿಯ. ಬೆಳಕು ತಾಗಿದ ಕಡೆ ಮಾತ್ರ ಅದು ಗಟ್ಟಿಯಾಗುತ್ತದೆ ಎಂಬುದು ನೆನಪಿರಲಿ. ಲ್ಯೂರಿನ ಬಾಯಡಿ ಚಾಚಿರುವ ತುಟಿಯ ಹಲಗೆಯ ಬುಡ, ಕಿವಿರಿನ ಸಂದು ಹಸಿಯಾಗಿ ಉಳಿಯಬಹುದು. ಮೇಲ್ಮೈ ಅಂಟಂಟಾಗಿದ್ದರೆ ಅದಕ್ಕೆ ಗಾಳಿಯ ಆಮ್ಲಜನಕ ಕಾರಣ; ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಹೋಗುತ್ತದೆ. ಕೆಲವು ಬಗೆಗಳು ಒಣಗಿದ ಮೇಲೆ ಬೇಗ ಚಕ್ಕೆ ಏಳುತ್ತವೆ. ಇನ್ನು ಪೀಠೋಪಕರಣದ ವಾರ್ನಿಷ್: ಅನೇಕ ಪದರ, ಅನೇಕ ದಿನ, ಆಮೇಲೂ ಮೆದು. ಉಗುರಿನ ಬಣ್ಣ ಸಣ್ಣ ತೇಪೆಗೆ ಆಗಬಹುದು, ಅಷ್ಟೇ.

ಪೆಟ್ಟಿಗೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳ ಪಕ್ಕ ಲ್ಯೂರ್ ಇಡುವ ಅಭ್ಯಾಸವಿದ್ದರೆ ಆಯ್ಕೆಗೆ ಇನ್ನೊಂದು ಪರೀಕ್ಷೆ ಸೇರುತ್ತದೆ. ಆ ಹುಳುಗಳನ್ನು ಮೆದುವಾಗಿಡುವ ಎಣ್ಣೆಯಂಥ ದ್ರವ ಹಲವು ಲೇಪಗಳನ್ನು ಕರಗಿಸಿ ಬಣ್ಣವನ್ನೂ ಕೆಡಿಸುತ್ತದೆ. ಚೆನ್ನಾಗಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೂ ಬೇರೆಬೇರೆ ಖಾನೆಯಲ್ಲಿಡುವುದೇ ವಾಸಿ.

ಎಪಾಕ್ಸಿ ಹಚ್ಚುವ ಕ್ರಮ

ಬಣ್ಣ ಪೂರ್ತಿ ಒಣಗಿರಲಿ. ಬೆರಳಿನ ಜಿಡ್ಡು ಉಳಿದ ಕಡೆ ಲೇಪ ದೂರ ಸರಿದು ಗುಂಡಿ ಬೀಳುತ್ತದೆ. ಹಾಗಾಗಿ ಬಣ್ಣ ಹಚ್ಚಿದ ಮೇಲೆ ಲ್ಯೂರನ್ನು ತಂತಿಯ ಕಣ್ಣಿನಲ್ಲಷ್ಟೇ (ಕೊಕ್ಕೆ ಸಿಕ್ಕಿಸುವ ಬಳೆ) ಹಿಡಿಯಿರಿ. ಕೋಣೆಯ ಉಷ್ಣಾಂಶ 22ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಲಸ ಸುಲಭ. ಚಳಿಗೆ ಎಪಾಕ್ಸಿ ಮಂದವಾಗಿ ಗುಳ್ಳೆಗಳನ್ನು ಬಿಟ್ಟುಕೊಡುವುದಿಲ್ಲ.

ಅಳತೆಯಲ್ಲಿ ಉದಾರತೆ ಬೇಡ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ (ಎಪಾಕ್ಸಿಯನ್ನು ಗಟ್ಟಿಯಾಗಿಸುವ ಭಾಗ) ಹೆಚ್ಚು ಸುರಿದರೆ ಲೇಪ ಎಂದೆಂದಿಗೂ ಅಂಟಾಗಿಯೇ ಉಳಿಯಬಹುದು. ಡಬ್ಬಿಯ ಮೇಲೆ ಪ್ರಮಾಣ ಗಾತ್ರದಲ್ಲಿದೆಯೋ ತೂಕದಲ್ಲಿದೆಯೋ ನೋಡಿ. ಮೂಲ ಅಂಟಾದ ರೆಸಿನ್ ಮತ್ತು ಹಾರ್ಡನರ್‌ನ ಸಾಂದ್ರತೆ ಬೇರೆಯಾದ್ದರಿಂದ ಗಾತ್ರದಲ್ಲಿ ಸಮ ಎಂದದ್ದನ್ನು ತಕ್ಕಡಿಯಲ್ಲಿ ಸಮ ಮಾಡಿದರೆ ಲೆಕ್ಕ ತಪ್ಪುತ್ತದೆ. ಒಂದೊಂದಕ್ಕೂ ಒಂದೊಂದು ಸಿರಿಂಜ್ ಇಟ್ಟುಕೊಳ್ಳಿ, ಅದಲು ಬದಲಾಗದಂತೆ ಗುರುತು ಹಾಕಿ. ಕಪ್ಪಿನ ತಳ, ಗೋಡೆ ಕೆರೆಯುತ್ತಾ ಎರಡು ಮೂರು ನಿಮಿಷ ನಿಧಾನ ಕಲಸಿ. ಕಲಸಿದ್ದನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ: ಗುಳ್ಳೆಗಳು ಒಡೆಯುತ್ತವೆ, ಮುದ್ದೆಯಾಗಿದ್ದರೆ ತಾನೇ ಬಿಸಿಯಾಗಿ ಬೇಗ ಹೆಪ್ಪುಗಟ್ಟುವುದೂ ತಪ್ಪುತ್ತದೆ.

ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಬರಬಹುದು. ಮೆತ್ತನೆಯ ಬ್ರಷ್‌ನಿಂದ ತೆಳುವಾಗಿ ಎಳೆಯಿರಿ. ತಂತಿಯ ಬುಡದಲ್ಲಿ ಒಂದು ಕ್ಷಣ ನಿಂತು ಸಂದು ತುಂಬಿ, ತಂತಿಯ ಕಣ್ಣಿನೊಳಗೆ ಸೇರಿದ್ದನ್ನು ತೆಗೆಯಿರಿ. ಉಳಿದ ಗುಳ್ಳೆಗಳ ಮೇಲೆ ಲೈಟರ್ ಜ್ವಾಲೆಯನ್ನು ಸರ್ರನೆ ಹಾಯಿಸಿದರೆ ಒಡೆಯುತ್ತವೆ. ಆದರೆ ಬ್ರಷ್ ತೊಳೆಯುವ ಆಲ್ಕೋಹಾಲ್ ಆಗ ಹತ್ತಿರ ಇರಕೂಡದು.

ಆಮೇಲೆ ಲ್ಯೂರ್ ತಿರುಗುತ್ತಿರಬೇಕು, ಇಲ್ಲದಿದ್ದರೆ ಹೊಟ್ಟೆಯಡಿ ಹನಿ ಕಟ್ಟುತ್ತದೆ. ನಿಮಿಷಕ್ಕೆ ಐದಾರು ಸುತ್ತು ತಿರುಗುವ ಪುಟ್ಟ ಮೋಟಾರು ಸಾಕು. ಮೋಟಾರು ಇಲ್ಲದಿದ್ದರೆ ಎಪಾಕ್ಸಿ ಹರಿಯುವುದು ನಿಲ್ಲುವವರೆಗೂ ಕೆಲವು ನಿಮಿಷಗಳಿಗೊಮ್ಮೆ ಕೈಯಿಂದಲೇ ಮಗುಚುತ್ತಿರಿ. ಬೇಸರದ ಕೆಲಸ, ಆದರೂ ಆಗುತ್ತದೆ. ಒಣಗಿದ ಮೇಲೆ ಮೇಣದಂಥ ಪೊರೆ ಕಂಡರೆ ಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಎರಡನೇ ಪದರ ಬೇಕಿದ್ದರೆ ಮೊದಲನೆಯದನ್ನು ನುಣುಪು ಉಪ್ಪುಕಾಗದದಿಂದ ಉಜ್ಜಿ ಮಂಕಾಗಿಸಿಯೇ ಹಚ್ಚಬೇಕು. ಮುಟ್ಟಲು ಒಂದು ದಿನ ಸಾಕಾದರೂ ಕೊಕ್ಕೆ ಹಾಕಿ ನೀರಿಗಿಳಿಸಲು ಒಂದು ವಾರ ಕಾಯಿರಿ.

ಮುಂದೆ ಎಂದಾದರೂ ಗೀರು ಮರದವರೆಗೆ ಇಳಿದದ್ದು ಕಂಡರೆ ಕೂಡಲೇ ಮೇಲಿಂದ ಅಂಟು ಸುರಿಯಬೇಡಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಕೊಕ್ಕೆ ಬಿಚ್ಚಿ ಕೆಲವು ದಿನ ನೆರಳಲ್ಲಿ ಒಣಗಿಸಿ, ಸಡಿಲವಾದ ಚಕ್ಕೆ ಕೆರೆದು, ತೆಳು ಸೂಪರ್ ಗ್ಲೂ ಒಂದು ಹನಿ ಇಳಿಸಿ, ಅದರ ಮೇಲೆ ಎಪಾಕ್ಸಿಯ ತೇಪೆ ಹಾಕಿ.