ತುರ್ತು ಗರ್ಭನಿರೋಧಕ ಮಾತ್ರೆ: ಒಂದೇ ಸಲವೋ, ಎರಡು ಕಂತೋ?

ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿದು ಮುಂಬಯಿಯ ಫೋರ್ಟಿನ ಕಚೇರಿಗೆ ಹೋಗಿಬರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ, ಔಷಧದಂಗಡಿಯಲ್ಲಿ ನಾಲ್ಕು ಜನರ ನಡುವೆ ನಿಂತು ಹಿಂದಿಯಲ್ಲೋ ಮರಾಠಿಯಲ್ಲೋ ಈ ಮಾತ್ರೆಯನ್ನು ಕೇಳುವುದೇ ಕಷ್ಟ. ಅದನ್ನು ನುಂಗುವ ಕ್ರಮವನ್ನು ವಿಚಾರಿಸುವುದಂತೂ ದೂರದ ಮಾತು. ಆದ್ದರಿಂದ ಆ ಕ್ರಮವನ್ನು ಕನ್ನಡದಲ್ಲಿಯೇ ಬಿಡಿಸಿ ಹೇಳಬೇಕಾಗಿದೆ.

ಮೊದಲು ಗಂಟೆಗಳನ್ನು ಎಣಿಸಿಕೊಳ್ಳಿ. ರಕ್ಷಣೆಯಿಲ್ಲದ ಸಂಪರ್ಕವಾದ 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ, ಲೆವೊನಾರ್ಜೆಸ್ಟ್ರೆಲ್ ಎಂಬ ಈ ತುರ್ತು ಮಾತ್ರೆಯನ್ನು ತೆಗೆದುಕೊಳ್ಳಬೇಕು. ಅಂಡಾಣುವಿನ ಬಿಡುಗಡೆಯನ್ನು ಮುಂದೂಡುವುದೇ ಅದರ ಮುಖ್ಯ ಕೆಲಸವಾದ್ದರಿಂದ ತಡವಾದಷ್ಟೂ ಫಲ ಕಡಿಮೆ. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ಗರ್ಭಪಾತದ ಮಾತ್ರೆಗಳು ಬೇರೆಯೇ, ಅವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮುಟ್ಟಲೇಬಾರದು.

ಅನಂತರ ಪೊಟ್ಟಣದ ಮೇಲಿನ ಅಂಕಿಯನ್ನು ಓದಿ. 1.5 ಮಿಲಿಗ್ರಾಂ ಎಂದಿದ್ದರೆ ಒಂದು ಮಾತ್ರೆಯೇ ಪೂರ್ಣ ಪ್ರಮಾಣ. 0.75 ಎಂದಿದ್ದರೆ ಎರಡು ಮಾತ್ರೆ ಬೇಕು. 12 ಗಂಟೆಯ ಅಂತರದಲ್ಲಿ ಒಂದೊಂದು ಎಂಬುದು ಹಳೆಯ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು ಹತ್ತು ದೇಶಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಸಲ 1.5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ. 1.5ರಷ್ಟು, ಎರಡು ಕಂತಿನಲ್ಲಿ ತೆಗೆದುಕೊಂಡವರಲ್ಲಿ ಶೇ. 1.8ರಷ್ಟು ಮಂದಿ ಗರ್ಭಿಣಿಯರಾದರು. ಇದನ್ನು ವ್ಯತ್ಯಾಸವೆಂದು ಎಣಿಸುವಂತಿಲ್ಲ. ಹಾಗಿರುವಾಗ, ಕೈಯಲ್ಲಿ 0.75ರ ಎರಡು ಮಾತ್ರೆಗಳಿದ್ದರೂ ಒಟ್ಟಿಗೇ ನುಂಗುವುದು ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ರಾತ್ರಿ ಎಂಟಕ್ಕೆ ಕುರ್ಲಾದಲ್ಲಿ ರೈಲಿನ ನೂಕುನುಗ್ಗಲಲ್ಲಿ ಸಿಕ್ಕಿಕೊಂಡವಳು ಎರಡನೆಯ ಕಂತನ್ನು ಮರೆಯುವುದು ಸಹಜ.

ಇದಕ್ಕೂ ಹಿಂದಿನದು ಯೂಜ್ಪೆ ಕ್ರಮ: 100 ಮೈಕ್ರೋಗ್ರಾಂ ಈಸ್ಟ್ರೋಜೆನ್ ಹಾರ್ಮೋನಿನ ಜೊತೆಗೆ 0.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 12 ಗಂಟೆಯ ಬಳಿಕ ಮತ್ತೆ ಅಷ್ಟೇ. ಎರಡನ್ನೂ ಹೋಲಿಸಿದ 1998ರ ಅಧ್ಯಯನದಲ್ಲಿ ಗರ್ಭಧಾರಣೆ ಯೂಜ್ಪೆಯಲ್ಲಿ ಶೇ. 3.2, ಲೆವೊನಾರ್ಜೆಸ್ಟ್ರೆಲ್‌ನಲ್ಲಿ ಶೇ. 1.1, ಯೂಜ್ಪೆಯಲ್ಲಿ ಅರ್ಧದಷ್ಟು ಮಂದಿಗೆ ವಾಕರಿಕೆ ಬಂದಿತ್ತು. ಬೇರೇನೂ ಸಿಗದಾಗ ಮಾತ್ರ ಅದನ್ನು ನೆನೆಯಬಹುದು.

ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಅದೇ ಪ್ರಮಾಣವನ್ನು ಮತ್ತೆ ತೆಗೆದುಕೊಳ್ಳಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಅಪಸ್ಮಾರಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪಿನ್ ಸೇವಿಸುತ್ತಿರುವವರಲ್ಲಿ ಮಾತ್ರೆಯ ಶಕ್ತಿ ಕುಗ್ಗುತ್ತದೆ. ಅಂಥವರಿಗೆ 3 ಮಿಲಿಗ್ರಾಂ, ಅಂದರೆ ಇಮ್ಮಡಿ ಪ್ರಮಾಣ ಬೇಕಾಗುವುದರಿಂದ ವೈದ್ಯರಿಗೆ ಈ ಸಂಗತಿಯನ್ನು ಮುಚ್ಚಿಡಬಾರದು. ದೇಹದ ತೂಕ ಹೆಚ್ಚಿರುವವರಲ್ಲೂ ಪರಿಣಾಮ ತಗ್ಗಬಹುದು. ಇಂಥವರಿಗೆಲ್ಲ, ಹಾಗೂ 72 ಗಂಟೆ ಮೀರಿದವರಿಗೆ, ಐದು ದಿನದೊಳಗೆ ತಾಮ್ರದ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳುವುದು ಯಾವ ಮಾತ್ರೆಗಿಂತಲೂ ಭರವಸೆಯ ದಾರಿ.

ಮುಟ್ಟು ನಿರೀಕ್ಷಿಸಿದ ದಿನಕ್ಕಿಂತ ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.